ಫೋರ್ಕ್ ಸಾಫ್ಟ್ ಮಾಡ್ಕೊಡ್ತೀವಿ ಅಂತ ಸ್ಪ್ರಿಂಗ್ ಕತ್ತರಿಸಿ ಕೊಡ್ತಾರೆ, ಹುಷಾರ್

ದಯವಿಟ್ಟು ಪೂರ್ತಿ ಓದಿ. ಐವತ್ತು, ಐವತ್ತೈದು ಕೆಜಿ ತೂಕದವರು, ಬೈಕಿನ ಮುಂದಿನ ಫೋರ್ಕ್ (ಮುಂಚಕ್ರ ಹಿಡಿದಿರುವ, ಒಳಗೆ ಸ್ಪ್ರಿಂಗ್, ಆಯಿಲ್ ಇರುವ ಎರಡು ಕಾಲು) ಗಟ್ಟಿ ಅಂತ ಗ್ಯಾರೇಜಿಗೆ ಹೊರಟವರು ಮೊದಲು ಓದಿ. ಬೆಂಗಳೂರಿನ ಒಂದು ಗ್ಯಾರೇಜಿನವರು ನನಗೆ 'ಲೈಟ್ ರೈಡರ್ ಸೆಟ್ಟಿಂಗ್' ಅಂತ ಬರೆದು 3,800 ರೂಪಾಯಿ ಬಿಲ್ ಹಾಕಿದರು. ಮಾಡಿದ ಕೆಲಸ ಏನು ಗೊತ್ತಾ? ಗ್ರೈಂಡರ್ ಹಿಡಿದು ಸ್ಪ್ರಿಂಗ್ ಕತ್ತರಿಸಿದ್ದು!

ಗಾಡಿ 150 ಸಿಸಿ, ಅಡ್ಜಸ್ಟರ್ ಇಲ್ಲದ ಮಾಮೂಲಿ ಫೋರ್ಕ್, 130 ಎಂಎಂ ಟ್ರಾವೆಲ್ (ಫೋರ್ಕ್ ಒಟ್ಟು ಇಳಿಯಬಲ್ಲ ದೂರ). 52 ಕೆಜಿಯ ನಾನು ಕೂತರೆ ಸ್ಯಾಗ್, ಅಂದರೆ ಫೋರ್ಕ್ ಇಳಿಯುವ ಅಳತೆ, ಬರೀ 22 ಎಂಎಂ. ರಸ್ತೆಯಲ್ಲಿ ಓಡಿಸುವ ಗಾಡಿಗೆ 30ರಿಂದ 40 ಬೇಕು. ಈ ಲೆಕ್ಕ ಬರೆದೇ ಕೊಟ್ಟಿದ್ದೆ. ಅವರು ಟೇಪ್ ಕೈಗೇ ತೆಗೆದುಕೊಳ್ಳಲಿಲ್ಲ. ಹ್ಯಾಂಡಲ್ ಎರಡು ಸಲ ಒತ್ತಿ, "ಬೆಣ್ಣೆ ಥರ ಮಾಡ್ಕೊಡ್ತೀವಿ ಬಿಡಿ ಮೇಡಂ" ಅಂದರು.

ಗಾಡಿ ವಾಪಸ್ ಕೊಡುವಾಗ ಒತ್ತಿದರೆ ಮೆತ್ತಗೆ ಇಳಿಯಿತು. ಮೋಸ ಇರುವುದೇ ಇಲ್ಲಿ, ನಿಂತ ಗಾಡಿಯಲ್ಲಿ ಎಲ್ಲ ಚೆನ್ನಾಗೇ ಅನ್ನಿಸುತ್ತದೆ. ರಸ್ತೆಗೆ ಇಳಿದು ಬ್ರೇಕ್ ಹಿಡಿದರೆ ಮೂತಿ ಪೂರ್ತಿ ಕೆಳಕ್ಕೆ. ಗುಂಡಿಗೆ ಬಿದ್ದರೆ ಧಡ್ ಅಂತ ತಳ ಮುಟ್ಟುತ್ತದೆ. ಹಂಪ್ ದಾಟಿ ಚಕ್ರ ಕೆಳಗಿಳಿಯುವಾಗ ಒಳಗಿಂದ ಟಕ್ ಟಕ್ ಸದ್ದು. ಸ್ಯಾಗ್ ಅಳೆದರೆ 52 ಎಂಎಂ!

ಬೇರೆ ಕಡೆ ಬಿಚ್ಚಿಸಿದಾಗ ಬಂಡವಾಳ ಬಯಲಾಯಿತು. ಮೇಲಿನ ಕ್ಯಾಪ್ ತೆಗೆಯುವಾಗ ಸ್ಪ್ರಿಂಗ್ ಒತ್ತಿಕೊಂಡು ಬರಬೇಕು, ಅದೇ ಪ್ರಿಲೋಡ್, ಅಂದರೆ ಮೊದಲೇ ಒತ್ತಿ ಕೂರಿಸಿದ ಬಿಗಿ. ಇಲ್ಲಿ ಕ್ಯಾಪ್ ಬಾಟಲಿ ಮುಚ್ಚಳದ ಹಾಗೆ ಸಲೀಸಾಗಿ ಕೈಗೆ ಬಂತು. ಕಂಪನಿ ಸ್ಪ್ರಿಂಗ್‌ನ ತುದಿ ಸಪಾಟಾಗಿ ಉಜ್ಜಿರುತ್ತದೆ. ಇದರ ತುದಿ ಓರೆಯಾಗಿ ಚೂಪಾಗಿತ್ತು, ಸುಟ್ಟ ನೀಲಿ ಕಲೆ ಬೇರೆ. ಆ ಚೂಪು ತುದಿ ವಾಷರ್ ಕೆರೆದು, ಕಬ್ಬಿಣದ ಪುಡಿ ಬೆರೆತು ಆಯಿಲ್ ಬೂದಿ ಬಣ್ಣಕ್ಕೆ ತಿರುಗಿತ್ತು. ಹೊಸ ಸ್ಪ್ರಿಂಗ್ ಪಕ್ಕ ಇಟ್ಟು ನೋಡಿದರೆ 34 ಎಂಎಂ ಗಿಡ್ಡ, 38 ಸುತ್ತಿನಲ್ಲಿ 4 ಸುತ್ತು ಮಾಯ. ಆಯಿಲ್ ಮಟ್ಟ ಎಡಕ್ಕೂ ಬಲಕ್ಕೂ 25 ಎಂಎಂ ವ್ಯತ್ಯಾಸ. ಇದಕ್ಕೆ 3,800 ರೂಪಾಯಿ.

ಫೋನ್ ಮಾಡಿದರೆ ಬಂದ ಉತ್ತರ: "ಸ್ಪ್ರಿಂಗ್ ಚಿಕ್ಕದಾದ್ರೆ ಸಾಫ್ಟ್ ಆಗುತ್ತೆ ಮೇಡಂ, ಎಲ್ಲರಿಗೂ ಹೀಗೇ ಮಾಡೋದು." ಫೋಟೋ ಕಳಿಸಿದ ಮೇಲೆ: "ಬೇರೆಯವರು ಬಿಚ್ಚಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ." ದುಡ್ಡು ಕೇಳಿದ್ದಕ್ಕೆ: "ನಿಮ್ಮ ತೂಕನೇ ಕಮ್ಮಿ, ಸ್ವಲ್ಪ ಚೆನ್ನಾಗಿ ಊಟ ಮಾಡಿ, ಗಾಡಿ ಸರಿಹೋಗುತ್ತೆ." ಇನ್ನೊಬ್ಬರ ಜೀವ ಈ ಫೋರ್ಕ್ ಮೇಲೆ ನಿಂತಿದೆ, ಇವರಿಗೆ ತಮಾಷೆ.

ಅವರ ಮಾತು ಶುದ್ಧ ತಪ್ಪು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. 38ರಲ್ಲಿ 4 ಸುತ್ತು ಹೋದರೆ ಸುಮಾರು ಶೇ. 12ರಷ್ಟು ಗಟ್ಟಿ. ಪ್ರಿಲೋಡ್ ಹೋಗಿದ್ದರಿಂದ ಗಾಡಿ ಕುಸಿದು ಕೂತಿತ್ತು, ಅದನ್ನೇ ಸಾಫ್ಟ್ ಅಂತ ತೋರಿಸಿದರು. ಗಾಡಿ ತಗ್ಗಾಯಿತು, ಸ್ಪ್ರಿಂಗ್ ಗಟ್ಟಿಯಾಯಿತು, ತಳ ಮುಟ್ಟಲು ಉಳಿದ ಜಾಗವೂ ಕಮ್ಮಿಯಾಯಿತು.

ಸರಿಯಾದ ಕ್ರಮ ಇದು. ಮೊದಲು ಟೈರಿನ ಗಾಳಿ ನೋಡಿ. ಆಮೇಲೆ ಆಕ್ಸಲ್‌ನ ಪಿಂಚ್ ಬೋಲ್ಟ್ (ಆಕ್ಸಲ್ ಅನ್ನು ಫೋರ್ಕ್ ಕಾಲಿಗೆ ಬಿಗಿಯಾಗಿ ಹಿಡಿಯುವ ಬೋಲ್ಟ್) ಇದ್ದರೆ ಸಡಿಲಿಸಿ, ಫೋರ್ಕ್ ನಾಲ್ಕಾರು ಸಲ ಒತ್ತಿ, ಮತ್ತೆ ಬಿಗಿ ಮಾಡಿ. ಫೋರ್ಕಿನ ಎರಡೂ ಕಾಲು ಸಮಾನಾಂತರ ಇಲ್ಲದಿದ್ದರೆ ಹಿಡಿದು ಹಿಡಿದು ಚಲಿಸುತ್ತದೆ, ಅದನ್ನೇ ಎಷ್ಟೋ ಜನ 'ಗಟ್ಟಿ' ಅಂದುಕೊಳ್ಳುವುದು. ನಂತರ ಸ್ಯಾಗ್. ಫೋರ್ಕ್ ಪೈಪಿಗೆ ಕೇಬಲ್ ಟೈ ಕಟ್ಟಿ, ಹೆಲ್ಮೆಟ್, ಜಾಕೆಟ್ ಹಾಕಿಕೊಂಡೇ ಕೂತು ಅಳೆಸಿ. ಸ್ಯಾಗ್ ಕಮ್ಮಿ ಬಂದರೆ ಕತ್ತರಿಸಬೇಕಾದ್ದು ಸ್ಪ್ರಿಂಗ್ ಅಲ್ಲ, ಅದರ ಮೇಲೆ ಕೂರುವ ಪೈಪ್ ತುಂಡು, ಅಂದರೆ ಸ್ಪೇಸರ್! ಅದನ್ನು 5 ಎಂಎಂ, ಬೇಕಾದರೆ ಇನ್ನೂ 5 ಎಂಎಂ ಇಳಿಸಬೇಕು. ಹಳೆಯ ಸ್ಪೇಸರ್ ಹಾಗೇ ಇಟ್ಟುಕೊಂಡು ಹೊಸ ಪೈಪ್ ತುಂಡು ಹಾಕಿಸಿ. ನೀವು ಕೂತಾಗ ಸ್ಯಾಗ್ ಸರಿ ಇದ್ದು, ಗಾಡಿ ತನ್ನ ತೂಕಕ್ಕೇ ಜಾಸ್ತಿ ಕುಸಿಯುತ್ತಿದ್ದರೆ ಸ್ಪ್ರಿಂಗ್ ನಿಮಗೆ ಗಟ್ಟಿ, ಕಡಿಮೆ ಸ್ಪ್ರಿಂಗ್ ರೇಟಿನದು, ಅಂದರೆ ಮೆತ್ತಗಿನದು ಬೇಕು.

ಸಣ್ಣ ಏಟಿಗೂ ಕೈ ಜುಮ್ ಅನ್ನುತ್ತಿದ್ದರೆ ಆಯಿಲ್ ಕಡೆ ನೋಡಿ. ಇಂಥ ಫೋರ್ಕಿನಲ್ಲಿ ಆಯಿಲ್ ಸಣ್ಣ ತೂತುಗಳಲ್ಲಿ ನುಗ್ಗಬೇಕು, ಏಟು ಜೋರಾದಷ್ಟೂ ತಡೆ ಹೆಚ್ಚು. ಒಂದು ಹಂತ ತೆಳು ಆಯಿಲ್ ಸಾಕು. ತೀರಾ ತೆಳುವಾದರೆ ರಿಬೌಂಡ್ ತಡೆ (ಒತ್ತಿದ ಫೋರ್ಕ್ ವಾಪಸ್ ಏಳುವಾಗ ಬೇಕಾದ ಹಿಡಿತ) ಹೋಗಿ ಗಾಡಿ ಕುಣಿಯುತ್ತದೆ. 10ಡಬ್ಲ್ಯೂ ಅನ್ನುವ ಆಯಿಲ್ ಗ್ರೇಡ್ ಕಂಪನಿಯಿಂದ ಕಂಪನಿಗೆ ಬೇರೆ, 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ಎಷ್ಟು ಮಂದ ಅನ್ನುವ ಅಳತೆ) ಅಂತ ನೋಡಿ. ಮಟ್ಟ ಅಳೆಯುವಾಗ ಸ್ಪ್ರಿಂಗ್ ಹೊರಗಿರಬೇಕು, ಫೋರ್ಕ್ ಪೂರ್ತಿ ಒತ್ತಿರಬೇಕು, ಎರಡೂ ಕಡೆ ಒಂದೇ ಅಳತೆ.

ಬಿಚ್ಚುವಾಗ ಎದುರಿಗೇ ನಿಲ್ಲಿ. "ಕಸ್ಟಮರ್ ಒಳಗೆ ಬರಬಾರದು" ಅಂದರೆ ಗಾಡಿ ತಳ್ಳಿಕೊಂಡು ಹೊರಗೆ ಬನ್ನಿ. ಬಿಲ್ಲಿನಲ್ಲಿ ಆಯಿಲ್ ಗ್ರೇಡ್, ಮಟ್ಟ, ಸ್ಪೇಸರ್ ಉದ್ದ, ಮುಂಚಿನ ಮತ್ತು ನಂತರದ ಸ್ಯಾಗ್ ಬರೆಸಿ. ನನ್ನ 3,800 ಇನ್ನೂ ವಾಪಸ್ ಬಂದಿಲ್ಲ. ಹೊಸ ಸ್ಪ್ರಿಂಗ್ ಜೋಡಿ, ಆಯಿಲ್, ವಾಷರ್ ಎಲ್ಲ ಮತ್ತೆ ಕೈಯಿಂದಲೇ. ಕತ್ತರಿಸಿದ ಸ್ಪ್ರಿಂಗ್ ಎರಡೂ ನನ್ನ ಹತ್ತಿರವೇ ಇವೆ, ಬಿಲ್ ಸಮೇತ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತಿದ್ದೇನೆ.