ಡ್ರೀಮ್‌ಕಾಸ್ಟ್: ಪ್ರತಿ ರಾತ್ರಿಯೂ 1998ರ ನವೆಂಬರ್ 27

ಆರು ವರ್ಷಗಳಿಂದ ನಾನು ಬಳಸುತ್ತಿರುವ, ಸೆಗಾ ಕಂಪನಿಯ ವಿಡಿಯೊ ಗೇಮ್ ಕನ್ಸೋಲ್ ಆದ ಡ್ರೀಮ್‌ಕಾಸ್ಟ್, ಕೊಂಡಾಗಲೇ ಬೇರೆಯವರ ಕೈಯಲ್ಲಿ ಸಾಕಷ್ಟು ಸವೆದಿದ್ದ ಯಂತ್ರ. ಪ್ರೊಸೆಸರ್, ಗ್ರಾಫಿಕ್ಸ್ ಚಿಪ್‌ಗಳ ವಿವರ ಎಲ್ಲೆಡೆ ಸಿಗುವುದರಿಂದ ಅದನ್ನು ಬಿಟ್ಟು, ಪವರ್ ಗುಂಡಿ ಒತ್ತಿದ ನಂತರದ ಅರ್ಧ ನಿಮಿಷದ ಬಗ್ಗೆ ಬರೆಯುತ್ತೇನೆ. ನನ್ನ ತಕರಾರೆಲ್ಲ ಇರುವುದು ಅಲ್ಲಿಯೇ.

ಮೊದಲು ಕೇಳಿಸುವುದು ಕರ್ಕಶವಾದ ಒಂದು 'ಪೀಂ' ಸದ್ದು. ಕಂಟ್ರೋಲರ್‌ನೊಳಗೆ ಸಿಕ್ಕಿಸುವ ಮೆಮೊರಿ ಕಾರ್ಡಿಗೆ, ಅಂದರೆ ವಿಎಂಯುಗೆ, ತನ್ನದೇ ಆದ ಪುಟ್ಟ ಪರದೆ, ಗುಂಡಿಗಳು ಮತ್ತು ನಾಣ್ಯದಾಕಾರದ ಎರಡು ಸಿಆರ್2032 ಬ್ಯಾಟರಿಗಳಿವೆ. ಅವು ಬರಿದಾದರೆ ಅದು ಹೀಗೆ ಕೂಗಿಕೊಳ್ಳುತ್ತದೆ. ಸೇವ್‌ಗಳು (ಉಳಿಸಿಟ್ಟ ಆಟಗಳು) ಫ್ಲ್ಯಾಶ್ ಮೆಮೊರಿಯಲ್ಲಿರುವುದರಿಂದ ಬ್ಯಾಟರಿ ಸತ್ತರೂ ಅಳಿಯುವುದಿಲ್ಲ ಎಂದು ತಿಳಿದ ಮೇಲೆ, ಬೇಗನೆ ಮುಗಿದುಹೋಗುವ ಆ ಜೋಡಿಗೆ ಪದೇ ಪದೇ ಹಣ ಸುರಿಯಲು ನನಗೆ ಮನಸ್ಸಾಗಲಿಲ್ಲ. ಈ ಜಿಪುಣತನದಿಂದಾಗಿ, ಪರದೆಯ ಮೇಲೆ ಚೆಂಡೊಂದು ಪುಟಿಯುತ್ತಾ ಬಂದು ಸುರುಳಿಯಾಗುವಾಗ ಕೇಳಬೇಕಾದ ಜಪಾನಿನ ಸಂಗೀತ ಸಂಯೋಜಕ ರ್ಯೂಇಚಿ ಸಕಮೋಟೊ ಅವರ ಸಂಗೀತದ ತುಣುಕನ್ನು ನಾನು ಈ ಪೀಂಕಾರದ ಜೊತೆಯಲ್ಲಿಯೇ ಕೇಳಬೇಕಾಗಿದೆ.

ಆಮೇಲೆ ಬರುವುದು ದಿನಾಂಕದ ಪರದೆ. ಯಂತ್ರದ ಗಡಿಯಾರವನ್ನು ನಡೆಸುವುದು ಕಂಟ್ರೋಲರ್ ಪೋರ್ಟ್‌ಗಳ ಬೋರ್ಡಿಗೆ ಬೆಸೆದಿರುವ, ಮರುಚಾರ್ಜ್ ಆಗುವ ಪುಟ್ಟ ಬ್ಯಾಟರಿ. ವಯಸ್ಸಾಗಿ ಅದು ಕೈಕೊಟ್ಟಿತೆಂದರೆ, ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ 1998ರ ನವೆಂಬರ್ 27ಕ್ಕೆ ಮರಳುತ್ತದೆ. ಒಂದು ತಿಂಗಳು ಶ್ರದ್ಧೆಯಿಂದ ಸರಿಪಡಿಸಿದೆ. ನಂತರ ಬೇಸತ್ತು, ನೋಡದೆಯೇ ಎ ಗುಂಡಿ ಒತ್ತಿ ಮುಂದೆ ಹೋಗುವುದು ಅಭ್ಯಾಸವಾಯಿತು. ಹೀಗಾಗಿ ವರ್ಷಗಟ್ಟಲೆ ಆಡಿದ ಆಟಗಳ ಸೇವ್‌ಗಳೆಲ್ಲ ಒಂದೇ ದಿನದವಾದವು. ಶೆನ್ಮೂ ಆಟದಲ್ಲಿ ಜಪಾನಿನ ಯೊಕೊಸುಕಾ ಊರಿನ 1986ರ ದಿನಗಳು ಒಂದೊಂದಾಗಿ ಸರಿಯುತ್ತವೆ, ಹವಾಮಾನವೂ ಬದಲಾಗುತ್ತದೆ. ಆ ಆಟವನ್ನು ಉಳಿಸುವಾಗ ಯಾವ ಫೈಲ್ ಹೊಸದೆಂದು ತಿಳಿಯದೆ, ಹನ್ನೊಂದು ಗಂಟೆಗಳ ಆಟದ ಮೇಲೆ ಹಳೆಯದನ್ನು ಬರೆದುಬಿಟ್ಟೆ. ಅಂದು ಯಂತ್ರವನ್ನೇ ಮಾರಿಬಿಡಬೇಕೆನಿಸಿತ್ತು.

ಮಾರುವ ಮೊದಲು ವಿವರಗಳನ್ನು ಓದುತ್ತಿದ್ದಾಗ, ಆ ನವೆಂಬರ್ 27 ಡ್ರೀಮ್‌ಕಾಸ್ಟ್ ಜಪಾನಿನಲ್ಲಿ ಮಾರಾಟಕ್ಕೆ ಬಂದ ದಿನವೆಂದು ತಿಳಿಯಿತು. ಯಂತ್ರ ಪೆದ್ದುಪೆದ್ದಾಗಿ ಯಾವುದೋ ಸಂಖ್ಯೆಯನ್ನು ತೋರಿಸುತ್ತಿರಲಿಲ್ಲ, ತಾನು ಹುಟ್ಟಿದ ದಿನಕ್ಕೆ ಹಿಂತಿರುಗುತ್ತಿತ್ತು. 2001ರ ಮಾರ್ಚ್‌ನಲ್ಲಿ ಇದರ ತಯಾರಿಕೆ ನಿಂತು, ಸೆಗಾ ಕನ್ಸೋಲ್‌ಗಳ ವ್ಯವಹಾರದಿಂದಲೇ ಹೊರನಡೆಯಿತು. ಅಷ್ಟು ಚಿಕ್ಕ ಆಯುಷ್ಯದಲ್ಲಿ, ಇಂಟರ್ನೆಟ್‌ಗೆ ಜೋಡಿಸುವ ಮೋಡೆಮ್ ಅನ್ನು ಪೆಟ್ಟಿಗೆಯಲ್ಲಿಯೇ ಕೊಟ್ಟು, 2000ದಲ್ಲಿ ಫ್ಯಾಂಟಸಿ ಸ್ಟಾರ್ ಆನ್‌ಲೈನ್ ಎಂಬ ಆಟದ ಮೂಲಕ ಬೇರೆ ಬೇರೆ ಭಾಷೆಯವರು ಸಿದ್ಧ ವಾಕ್ಯಗಳನ್ನು ಆರಿಸಿಕೊಂಡು ಮಾತಾಡುತ್ತಾ ಕೂಡಿ ಆಡುವಂತೆ ಮಾಡಿತು. ಅದೇ ವರ್ಷದ ಜೆಟ್ ಸೆಟ್ ರೇಡಿಯೊ, ಮೂರು ಆಯಾಮದ ಪಾತ್ರಗಳಿಗೆ ಕಪ್ಪು ಗೆರೆ ಎಳೆದು ಕಾರ್ಟೂನಿನ ರೂಪ ಕೊಟ್ಟಿತು. ಆ ಆಟ ಇಂದಿಗೂ ಹಳೆಯದೆನಿಸುವುದಿಲ್ಲ. ಅದರ ಕಾಲದ ಎಷ್ಟೋ 'ನೈಜ' ಮುಖಗಳನ್ನು ಈಗ ನೋಡಲಾಗದು.

ಕೋಪ ಇಳಿದ ಮೇಲೆ ಬೆಸುಗೆಯ ಸಾಮಾನು ತಂದು, ಸತ್ತ ಬ್ಯಾಟರಿಯನ್ನು ತೆಗೆದು, ಬ್ಯಾಟರಿ ಬದಲಿಸಬಹುದಾದ ಹೋಲ್ಡರ್ ಒಂದನ್ನು ಕೂರಿಸಿದೆ. ಹೀಗೆ ಮಾಡುವವರು ಮರುಚಾರ್ಜ್ ಆಗುವ ಎಂಎಲ್2032 ಅನ್ನೇ ಹಾಕಬೇಕು. ಸರ್ಕ್ಯೂಟ್ ಬ್ಯಾಟರಿಯನ್ನು ಚಾರ್ಜ್ ಮಾಡುವುದರಿಂದ ಮರುಚಾರ್ಜ್ ಆಗದ ಸಾಮಾನ್ಯ ಸಿಆರ್2032 ನೇರವಾಗಿ ಹಾಕುವುದು ಅಪಾಯ. ಈಗ ಸೇವ್‌ಗಳ ಪಟ್ಟಿಯಲ್ಲಿ 1998ರ ಫೈಲ್‌ಗಳ ನಡುವೆ ಈ ವರ್ಷದ್ದೊಂದು ಫೈಲ್ ಇದೆ. ವಿಎಂಯು ಮಾತ್ರ ಇನ್ನೂ ಕೂಗುತ್ತಿದೆ.