ಗ್ಯಾಸ್ ಸ್ಟೌ ರಿಪೇರಿಗೆ ಫೋನಲ್ಲಿ ಸಿಕ್ಕ ನಂಬರಿಗೆ ಕರೆ ಮಾಡಬೇಡಿ, ನಾನು ಮಾಡಿ 4,900 ಕಳೆದುಕೊಂಡೆ

ಸುಂಟಿಕೊಪ್ಪ, ಮಾದಾಪುರ, ಸೋಮವಾರಪೇಟೆ ಕಡೆಯವರು ದಯವಿಟ್ಟು ಪೂರ್ತಿ ಓದಿ. ಮಡಿಕೇರಿ, ಕುಶಾಲನಗರದವರೂ ಓದಿ. ಈ ಮೋಸದ ರಿಪೇರಿಯವರು ಎಲ್ಲಾ ಕಡೆ ಓಡಾಡುತ್ತಿದ್ದಾರೆ. ಬರೆಯೋದೋ ಬೇಡವೋ ಅಂತ ಹತ್ತು ದಿನ ಯೋಚಿಸಿದೆ. ನಾಚಿಕೆ ಆಗುತ್ತದೆ. ಆದರೆ ಮೊನ್ನೆ ನಮ್ಮ ಪಕ್ಕದ ತೋಟದವರೂ ಇದೇ ನಂಬರಿಗೆ ಫೋನ್ ಮಾಡಲು ಹೊರಟಿದ್ದರು ಅಂತ ಗೊತ್ತಾಯಿತು. ಇನ್ನು ಸುಮ್ನೆ ಇರೋಕೆ ಆಗಲಿಲ್ಲ.

ನಮ್ಮದು ಎರಡು ಒಲೆಯ ಸ್ಟೀಲ್ ಸ್ಟೌ. 2011ರಲ್ಲಿ ತಗೊಂಡಿದ್ದು. ಎರಡೂ ಹಿತ್ತಾಳೆ ಬರ್ನರ್, ಕೈಯಲ್ಲಿ ಹಿಡಿದರೆ ಒಳ್ಳೆ ಭಾರ. ಕಕ್ಕಡ ತಿಂಗಳ ಮಳೆಯಲ್ಲಿ ನಾವು ಹೆಚ್ಚಾಗಿ ಹಿಂದಿನ ಅಡುಗೆಮನೆಯ ಸೌದೆ ಒಲೆಯಲ್ಲೇ ಬೇಯಿಸುತ್ತೇವೆ, ಮನೆ ಬೆಚ್ಚಗಿರುತ್ತದೆ ಅಂತ. ಹಾಗಾಗಿ ಸ್ಟೌ ಹತ್ತು ಹನ್ನೆರಡು ದಿನ ಹಚ್ಚಿರಲಿಲ್ಲ. ಆಮೇಲೆ ಹಚ್ಚಿದರೆ ದೊಡ್ಡ ಒಲೆಯಲ್ಲಿ ನೀಲಿ ಉರಿ ಇಲ್ಲ. ಹಳದಿ ಉರಿ, ಮೇಲಕ್ಕೆ ನಾಲಿಗೆ ಚಾಚುತ್ತದೆ. ಪಾತ್ರೆ ತಳ ಪೂರ್ತಿ ಮಸಿ. ಚಿಕ್ಕ ಒಲೆ ಸರಿಯಾಗಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ಚಿಕ್ಕ ಒಲೆ ಸರಿಯಾಗಿತ್ತು.

ಕೈಲ್ ಪೊಳ್ದ್ ಹಬ್ಬಕ್ಕೆ ನಾಲ್ಕೇ ದಿನ. ಮನೆ ತುಂಬಾ ನೆಂಟರು ಬರುವವರು. ಕಡಂಬುಟ್ಟು ಬೇಯಿಸಬೇಕು, ಪಂದಿ ಕರಿ ಆಗಬೇಕು. ಏಜೆನ್ಸಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಇನ್ನೊಂದು ಸಲ ಮಾಡಬೇಕಿತ್ತು. ಮಾಡಲಿಲ್ಲ. ಫೋನಲ್ಲಿ ಹುಡುಕಿದೆ, ಮೇಲೆ ಬಂದ ಮೊದಲ ನಂಬರಿಗೆ ಕರೆ ಮಾಡಿದೆ. ಒಬ್ಬ ಹೆಂಗಸು, ತುಂಬಾ ಮರ್ಯಾದೆಯ ಮಾತು. "ನಾವು ಕಂಪನಿಯ ಸರ್ವಿಸ್‌ನವರೇ ಮೇಡಂ, ವಿಸಿಟಿಂಗ್ ಚಾರ್ಜ್ 350 ಮಾತ್ರ." ಯಾವ ಕಂಪನಿ ಅಂತ ಕೇಳಿದ್ದಕ್ಕೆ "ಎಲ್ಲಾ ಕಂಪನಿದೂ ಮೇಡಂ" ಅಂದಳು. ಎಲ್ಲಾ ಕಂಪನಿಗೂ ಒಬ್ಬರೇ ಹೇಗೆ ಸರ್ವಿಸ್ ಮಾಡುತ್ತಾರೆ? ಆಗ ಹೊಳೆಯಲೇ ಇಲ್ಲ.

ಮರುದಿನ ಬೈಕಿನಲ್ಲಿ ಒಬ್ಬ ಹುಡುಗ ಬಂದ. ಇಪ್ಪತ್ತೈದು ವರ್ಷ ಇರಬಹುದು. ಬಂದ ತಕ್ಷಣ "ರೆಗ್ಯುಲೇಟರ್ ಆಫ್ ಮಾಡಿ ಮೇಡಂ" ಅಂದ. ನಾನೇ ಆಫ್ ಮಾಡಿದೆ. ಅವನು ಪೈಪ್ ಕಳಚಿದ, ಸ್ಟೌ ಮಗುಚಿ ಹಾಕಿದ. ಒಂದು ಬಾಟಲಿಯಿಂದ ಏನೋ ಸ್ಪ್ರೇ ಮಾಡಿ ಬಟ್ಟೆಯಲ್ಲಿ ಒರೆಸಿದ. ಸ್ಪಿರಿಟ್ ವಾಸನೆ ಬಂತು. ಆಮೇಲೆ ಬ್ಯಾಗಿನಿಂದ ಪೆನ್ನಿನ ಹಾಗಿರುವ ಒಂದು ಯಂತ್ರ ತೆಗೆದು ವಾಲ್ವ್ ಹತ್ತಿರ ಹಿಡಿದ. ಪೀ ಪೀ ಪೀ ಅಂತ ಜೋರಾಗಿ ಕೂಗಿತು.

ನನ್ನ ಎದೆ ಧಸಕ್ ಅಂತು. ನನ್ನ ಅತ್ತೆಗೆ 78 ವರ್ಷ, ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಅವನು ನನ್ನ ಕಡೆ ನೋಡಲಿಲ್ಲ, ಅವರ ಕಡೆ ತಿರುಗಿ ಹೇಳಿದ. "ಅಜ್ಜಿ, ದೇವರು ದೊಡ್ಡವನು. ಎರಡೂ ವಾಲ್ವ್ ಲೀಕ್. ಇವತ್ತು ನಾನು ಬರದೆ ಇದ್ದಿದ್ದರೆ ಹಬ್ಬದ ದಿನ ಈ ಮನೆ ಏನಾಗುತ್ತಿತ್ತೋ." ಅತ್ತೆ ಅಲ್ಲೇ ಅಳಲು ಶುರು ಮಾಡಿದರು. "ಎಷ್ಟಾದರೂ ಆಗಲಿ, ಮಾಡಿಸಿಬಿಡು ಮಗಳೇ" ಅಂದರು.

ನಾನು ಹೂಂ ಅಂದೆ.

ಅದೇ ರಾತ್ರಿ ಹಾಸಿಗೆಯಲ್ಲಿ ಮಲಗಿದ್ದಾಗ ಥಟ್ಟನೆ ಎದ್ದು ಕೂತೆ. ರೆಗ್ಯುಲೇಟರ್ ಆಫ್ ಆಗಿತ್ತು. ನಾನೇ ಆಫ್ ಮಾಡಿದ್ದೆ. ಪೈಪ್ ಕಳಚಿ ನೆಲದ ಮೇಲೆ ಬಿದ್ದಿತ್ತು. ಸ್ಟೌಗೆ ಗ್ಯಾಸೇ ಬರುತ್ತಿರಲಿಲ್ಲ. ಹಾಗಾದರೆ ಲೀಕ್ ಆಗಿದ್ದು ಏನು? ಆ ಯಂತ್ರ ಕೂಗಿದ್ದು ಯಾಕೆ? ನನ್ನ ಕಣ್ಣೆದುರೇ ನಡೆದಿತ್ತು, ನಾನು ನೋಡುತ್ತಾ ನಿಂತಿದ್ದೆ. ಆ ರಾತ್ರಿ ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಲೆಕ್ಕ ಕೇಳಿ. ವಿಸಿಟಿಂಗ್ 350. ಬರ್ನರ್ ಎರಡು, 1,900. ವಾಲ್ವ್ ಎರಡು, 1,400. ಜೆಟ್ 400. ಪೈಪ್ 650. ಸರ್ವಿಸ್ ಅಂತ ಮತ್ತೆ 500. ಒಟ್ಟು 5,200. "ಹಬ್ಬ ಅಲ್ವಾ, 4,900 ಕೊಡಿ" ಅಂದ. ಹಬ್ಬಕ್ಕೆ ಅಂತ 300 ಬಿಟ್ಟನಂತೆ! ಹಣ ಹೋಗಿದ್ದು ಯಾವ ಅಂಗಡಿಯ ಹೆಸರಿಗೂ ಅಲ್ಲ, ಯಾರೋ ಒಬ್ಬರ ಸ್ವಂತ ಹೆಸರಿಗೆ. ಬಿಲ್ ಕೇಳಿದ್ದಕ್ಕೆ ಬಿಳಿ ಹಾಳೆಯಲ್ಲಿ ಪೆನ್ನಿನಲ್ಲಿ ಬರೆದುಕೊಟ್ಟ. ಮೊಹರು ಇಲ್ಲ, ವಿಳಾಸ ಇಲ್ಲ.

ನನ್ನ ಹಿತ್ತಾಳೆ ಬರ್ನರ್ ಎರಡನ್ನೂ "ಇದು ಸ್ಕ್ರ್ಯಾಪ್ ಮೇಡಂ, ಕಂಪನಿಗೆ ವಾಪಸ್ ಕೊಡಬೇಕು" ಅಂತ ಬ್ಯಾಗಿಗೆ ಹಾಕಿಕೊಂಡ. ಹಾಕಿದ್ದು ಬಂಗಾರದ ಬಣ್ಣ ಬಳಿದ, ಹಗುರವಾದ ಏನೋ ಒಂದು. ಉರಿ ಆಗಲೂ ಹಳದಿಯೇ. ನಾನು ತೋರಿಸಿದೆ. "ಹೊಸ ಬರ್ನರ್ ಮೇಡಂ, ಎರಡು ದಿನ ಉರಿದರೆ ಸೆಟ್ ಆಗುತ್ತೆ" ಅಂದ.

ಸೆಟ್ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಅಡುಗೆಮನೆ ಬಾಗಿಲು ತೆಗೆದರೆ ಗ್ಯಾಸ್ ವಾಸನೆ. ಈ ಸಲ ನಿಜವಾದ ಲೀಕ್. ಹೊರಗೆ ಮಳೆ, ಕಿಟಕಿಗಳೆಲ್ಲಾ ಹಾಕಿದ್ದವು. ಈ ಗ್ಯಾಸ್ ಗಾಳಿಗಿಂತ ಭಾರ, ಮೇಲೆ ಹೋಗೋದಿಲ್ಲ, ನೆಲದ ಮೇಲೇ ಹರಡಿಕೊಂಡು ಕೂರುತ್ತದೆ. ಪುಣ್ಯಕ್ಕೆ ನಾನು ಲೈಟ್ ಸ್ವಿಚ್ ಮುಟ್ಟಲಿಲ್ಲ. ಕತ್ತಲಲ್ಲೇ ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆದು, ಅತ್ತೆಯನ್ನು ಹೊರಗೆ ಕರೆದುಕೊಂಡು ಬಂದು, ಅಂಗಳದಿಂದ 1906ಕ್ಕೆ ಫೋನ್ ಮಾಡಿದೆ. ಗ್ಯಾಸ್ ಲೀಕ್ ಆದರೆ ಕರೆ ಮಾಡಬೇಕಾದ ನಂಬರ್ ಅದು, ಹಗಲು ರಾತ್ರಿ ಇರುತ್ತದೆ.

ನಮ್ಮ ಏಜೆನ್ಸಿಯಿಂದ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಬಂದರು. ಯಂತ್ರ ಗಿಂತ್ರ ಏನೂ ತರಲಿಲ್ಲ. ಒಂದು ಲೋಟದಲ್ಲಿ ಸೋಪಿನ ನೀರು ಕೇಳಿದರು. ಪೈಪ್ ಸ್ಟೌಗೆ ಸೇರುವ ಕಡೆ ಹಚ್ಚಿದರು. ಬುಳುಬುಳು ಅಂತ ಗುಳ್ಳೆ. ಆ ಹುಡುಗ ಕ್ಲಿಪ್ಪನ್ನೇ ಬಿಗಿ ಮಾಡಿರಲಿಲ್ಲ. ಲೀಕ್ ರಿಪೇರಿ ಅಂತ ದುಡ್ಡು ತಗೊಂಡು ಲೀಕ್ ಮಾಡಿ ಹೋಗಿದ್ದ! ಪೈಪಿಗೆ ಐಎಸ್‌ಐ ಗುರುತೇ ಇಲ್ಲ. ನನ್ನ ಹಳೆಯದು ಏಜೆನ್ಸಿಯಲ್ಲೇ ತಗೊಂಡಿದ್ದ ಕಿತ್ತಳೆ ಬಣ್ಣದ ಸುರಕ್ಷಾ ಪೈಪ್. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು, ಎರಡೇ ವರ್ಷ ಆಗಿತ್ತು. ಅದನ್ನೂ ಕತ್ತರಿಸಿ ಎಸೆದಿದ್ದ.

ಆಮೇಲೆ ವಾಲ್ವ್ ನೋಡಿದರು. "ಅಕ್ಕ, ಇದು ಹೊಸದಲ್ಲ" ಅಂದರು. ನಾನೂ ಬಗ್ಗಿ ನೋಡಿದೆ. ಎಡಗಡೆ ವಾಲ್ವ್ ಮೇಲೆ ನಮ್ಮ ಯಜಮಾನರು ಹಿಂದೊಮ್ಮೆ ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ಮಾಡಿದ್ದ ಗೀರು ಹಾಗೇ ಇದೆ. ಉಜ್ಜಿ, ಹೊಳಪು ಕೊಟ್ಟು, ಅದನ್ನೇ ಹಾಕಿ 1,400 ತಗೊಂಡಿದ್ದಾನೆ. ಯಂತ್ರದ ವಿಷಯ ಕೇಳಿದೆ. ಸ್ಪಿರಿಟ್ ಆವಿ ತಗುಲಿದರೂ ಅದು ಕೂಗುತ್ತದಂತೆ. ಆ ಸ್ಪ್ರೇ ಹೊಡೆದಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ಇಷ್ಟಕ್ಕೂ ನಿಜವಾದ ತೊಂದರೆ ಏನಿತ್ತು? ಬರ್ನರ್ ಕೆಳಗಿನ ಕೊಳವೆಯಲ್ಲಿ ಜೇಡ ಗೂಡು ಕಟ್ಟಿತ್ತು. ಅವರು ಒಂದು ತಂತಿ ಹಾಕಿ ಎಳೆದರು, ಹತ್ತಿಯ ಉಂಡೆ ಹಾಗೆ ಹೊರಗೆ ಬಂತು. ಜೆಟ್‌ನಿಂದ ಗ್ಯಾಸ್ ಚಿಮ್ಮುವಾಗ ಜೊತೆಗೆ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ದಾರಿಯಲ್ಲಿ ಬಲೆ ಇದ್ದರೆ ಸಾಕಷ್ಟು ಗಾಳಿ ಹೋಗೋದಿಲ್ಲ, ಉರಿ ಹಳದಿ ಆಗುತ್ತದೆ, ಮಸಿ ಹಿಡಿಯುತ್ತದೆ. ಅಷ್ಟೇ. ಸ್ವಲ್ಪ ದಿನ ಹಚ್ಚದೆ ಬಿಟ್ಟ ಸ್ಟೌನಲ್ಲಿ ಇದು ಮಾಮೂಲಂತೆ. ಹತ್ತು ನಿಮಿಷದ ಕೆಲಸ. ಕೊಳವೆ ಸ್ವಚ್ಛ ಮಾಡಿದ್ದಕ್ಕೆ 200 ರೂಪಾಯಿ ತಗೊಂಡರು, ಪೈಪಿಗೆ ಬೇರೆ. ಕಾಫಿ ಕುಡಿದು ಹೋದರು.

ನಾನು ಆ ನಂಬರಿಗೆ ಫೋನ್ ಮಾಡಿದೆ. ಅದೇ ಹೆಂಗಸು. ಈ ಸಲ ಮರ್ಯಾದೆ ಇಲ್ಲ. "ನಿಮ್ಮ ಮನೆಗೆ ನಮ್ಮ ಟೆಕ್ನಿಷಿಯನ್ ಬಂದ ದಾಖಲೆಯೇ ಇಲ್ಲ." ದುಡ್ಡು ಕಟ್ಟಿದ ಫೋಟೋ ಕಳಿಸಿದೆ. "ಅದು ಹುಡುಗನ ಸ್ವಂತ ವ್ಯವಹಾರ, ಅವನನ್ನೇ ಕೇಳಿ." ಹುಡುಗನಿಗೆ ಮಾಡಿದೆ. "ಮೇಡಂ, ನಾನು ಹಾಕಿದಾಗ ಸರಿಯಾಗಿತ್ತು, ನೀವೇ ಪೈಪ್ ಎಳೆದಿರಬೇಕು. ಬೇಕಾದರೆ ಬರುತ್ತೇನೆ, ಮತ್ತೆ 350 ಆಗುತ್ತೆ." ನನ್ನ ಬರ್ನರ್ ಆದರೂ ವಾಪಸ್ ಕೊಡಪ್ಪ ಅಂದೆ. "ಯಾವ ಬರ್ನರ್?" ಅಂದ. ಯಾವ ಬರ್ನರ್ ಅಂತೆ! ನನ್ನ ಕೈ ನಡುಗುತ್ತಿತ್ತು. ಮತ್ತೆ ಮಾಡಿದರೆ ಫೋನ್ ಹೋಗಲೇ ಇಲ್ಲ.

ನಂಬರ್ ಇಲ್ಲಿ ಹಾಕಿ ಪ್ರಯೋಜನ ಇಲ್ಲ, ಬದಲಾಯಿಸುತ್ತಾ ಇರುತ್ತಾರೆ. ನಿಮ್ಮ ಗ್ಯಾಸ್ ಪುಸ್ತಕದ ಮೇಲೆ ಇರುವ ಏಜೆನ್ಸಿ ನಂಬರಿಗೇ ಮಾಡಿ. ಎತ್ತದಿದ್ದರೆ ಮತ್ತೆ ಮಾಡಿ, ಇಲ್ಲವಾದರೆ ನೇರ ಹೋಗಿ. ಯಾರೇ ಬಂದು ಲೀಕ್ ಅಂದರೂ ಸೋಪಿನ ನೀರು ಹಚ್ಚಿ ಗುಳ್ಳೆ ತೋರಿಸು ಅನ್ನಿ. ಬೆಂಕಿ ಕಡ್ಡಿ ಗೀರಿ ನೋಡಲು ಯಾರನ್ನೂ ಬಿಡಬೇಡಿ. ಹಳೆಯ ಸಾಮಾನು ನಿಮ್ಮದು, ಬ್ಯಾಗಿಗೆ ಹಾಕಿಕೊಳ್ಳಲು ಬಿಡಬೇಡಿ. ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರುವಾಗ ಇಂಥವರನ್ನು ಕರೆಸಲೇಬೇಡಿ, ಈ ಜನ ಮಾತಾಡೋದೇ ವಯಸ್ಸಾದವರ ಹತ್ತಿರ.

1915ಕ್ಕೆ, ಅದು ಗ್ರಾಹಕರ ಸಹಾಯವಾಣಿ, ದೂರು ಕೊಟ್ಟಿದ್ದೇನೆ. ಹೆಸರು, ವಿಳಾಸ ಕೇಳಿದರು. ಆ ಬಿಳಿ ಹಾಳೆ ಬಿಟ್ಟು ನನ್ನ ಹತ್ತಿರ ಏನೂ ಇರಲಿಲ್ಲ. ಅತ್ತೆ ಈಗಲೂ ಸ್ಟೌ ಹಚ್ಚುವ ಮುಂಚೆ ನನ್ನನ್ನು ಕೂಗುತ್ತಾರೆ. "ಒಂದು ಸಲ ಮೂಸಿ ನೋಡು" ಅಂತ.