ಹಳೆ ಮಾಮೋಡ್ ಎಂಜಿನ್‌ಗೆ ಇಂಧನದ ಬಿಲ್ಲೆಯೋ, ಸ್ಪಿರಿಟ್ಟೋ, ಗ್ಯಾಸೋ? ಮೂರನ್ನೂ ಉರಿಸಿ ನೋಡಿದ್ದು

ತೋಟದ ರೈಲಿಗೆ, ಅಂದರೆ ಹಿತ್ತಲಲ್ಲಿ ಹಳಿ ಹಾಕಿ ಓಡಿಸುವ ಪುಟ್ಟ ಮಾದರಿ ರೈಲಿಗೆ, ಕಡಿಮೆ ದುಡ್ಡಿನಲ್ಲಿ ನಿಜವಾದ ಹಬೆ ಎಂಜಿನ್ ಬೇಕು ಅಂತ ಇಂಗ್ಲೆಂಡ್‌ನಲ್ಲಿ ಹುಡುಕಲು ಹೊರಟರೆ ಕೈಗೆ ಸಿಗುವುದು ಹೆಚ್ಚಾಗಿ ಮಾಮೋಡ್ ಅನ್ನುವ ಬ್ರಿಟಿಷ್ ಆಟಿಕೆ ಕಂಪನಿಯ ಎಸ್‌ಎಲ್1. 1980ರ ಸುಮಾರಿಗೆ ಅಂಗಡಿಗೆ ಬಂದ ಎಂಜಿನ್ ಇದು. ನಾಲ್ಕು ಚಕ್ರ, ಒಂದು ಹಿತ್ತಾಳೆ ಬಾಯ್ಲರ್, ಎರಡು ಪಕ್ಕಕ್ಕೆ ಒಂದೊಂದು ಸಿಲಿಂಡರ್. ಅಷ್ಟೇ. ಆಟಿಕೆ ಅಂತಲೇ ಮಾರಿದ್ದರಿಂದ ಎಷ್ಟೋ ಮನೆಗಳ ಅಟ್ಟದಲ್ಲಿ ಧೂಳು ಹಿಡಿದು ಕೂತಿದೆ, ಈಗ ಒಂದೊಂದಾಗಿ ಮಾರಾಟಕ್ಕೆ ಬರುತ್ತಿದೆ. ಯಾರ್ಕ್‌ಶೈರ್‌ನ ನಮ್ಮ ಮನೆ ಹಿತ್ತಲಿನಲ್ಲಿ 32 ಮಿಲಿಮೀಟರ್ ಅಂತರದ ಹಳಿ ಇದೆ. 1:19 ಅಳತೆಗೆ, ಅಂದರೆ ನಿಜದ ರೈಲನ್ನು ಹತ್ತೊಂಬತ್ತು ಪಟ್ಟು ಚಿಕ್ಕದು ಮಾಡಿದರೆ, ಅದು ಸರಿಯಾಗಿ 2 ಅಡಿ ಗೇಜ್, ಅಂದರೆ ಡಾರ್ಜಿಲಿಂಗ್, ಮಾಥೇರಾನ್ ರೈಲುಗಳ ಗೇಜ್. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಓಡುತ್ತಿದ್ದ ಪುಟ್ಟ ರೈಲು ಎರಡೂವರೆ ಅಡಿಯದ್ದು, ಅದಕ್ಕೆ 40 ಮಿಲಿಮೀಟರ್ ಬೇಕಾಗುತ್ತಿತ್ತು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗೋದು 32 ಮತ್ತು 45. ಆಸೆ ಇದ್ದರೂ ಬಿಟ್ಟುಕೊಟ್ಟೆ.

ನನ್ನ ಎಂಜಿನ್ ಬಂದಾಗ ಹೊರಗೆ ಕಿಲುಬು, ಒಳಗೆ ಸುಣ್ಣದ ಪದರ, ಅಡಿಯಲ್ಲಿ ಅಂಟು ಅಂಟು ಮಸಿ. ಮೊದಲು ತೊಳೆಯೋ ಕೆಲಸ. ಹಿತ್ತಾಳೆಗೆ ಹುಣಸೆಹಣ್ಣು ಅಂತ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಾಯ್ಲರ್‌ನ ಹೊರಮೈಗೆ ಅದರಷ್ಟು ಮೃದುವಾದ್ದು ನಾನು ಬೇರೆ ನೋಡಿಲ್ಲ, ಗೀಚು ಬೀಳದೆ ಹೊಳಪು ಬರುತ್ತದೆ. ಆದರೆ ಒಳಗೆ ಹಾಕಬೇಡಿ, ನಾರು ಹೋಗಿ ಸಣ್ಣ ತೂತುಗಳಲ್ಲಿ ಕೂರುತ್ತದೆ. ಒಳಗಿನ ಸುಣ್ಣಕ್ಕೆ ವಿನಿಗರ್ ಮತ್ತು ಸಿಟ್ರಿಕ್ ಆಸಿಡ್ ಎರಡನ್ನೂ ಹಾಕಿ ನೋಡಿದೆ. ವಿನಿಗರ್ ನಿಧಾನ, ಮನೆಯೆಲ್ಲ ವಾಸನೆ. ಸಿಟ್ರಿಕ್ ಆಸಿಡ್, ಅದೇ ನಿಂಬೆ ಉಪ್ಪು, ಬಿಸಿನೀರಿನಲ್ಲಿ ಕಲಸಿ ಹಾಕಿದರೆ ಬೇಗ ಕೆಲಸ ಮಾಡುತ್ತದೆ, ಬೆಲೆಯೂ ಕಡಿಮೆ. ಯಾವುದನ್ನೇ ಹಾಕಿ, ರಾತ್ರಿಯಿಡೀ ಬಿಡಬೇಡಿ. ಹುಳಿ ಜಾಸ್ತಿ ಹೊತ್ತು ನಿಂತರೆ ಹಿತ್ತಾಳೆಯಲ್ಲಿರುವ ಸತು ಕರಗಿ ತಾಮ್ರ ಮಾತ್ರ ಉಳಿಯುತ್ತದೆ, ಆ ಜಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ ಕಂಡರೆ ತಕ್ಷಣ ಚೆಲ್ಲಿ, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆಯಿರಿ.

ಇನ್ನು ಸಿಲಿಂಡರ್. ಈ ಎಂಜಿನ್‌ನ ಗುಟ್ಟೆಲ್ಲ ಇಲ್ಲೇ ಇರೋದು, ಮುಂದೆ ಬೆಂಕಿಯ ವಿಷಯ ಅರ್ಥ ಆಗೋದಕ್ಕೂ ಇದು ಬೇಕು. ಇದರಲ್ಲಿ ಪ್ರತ್ಯೇಕ ವಾಲ್ವ್ ಇಲ್ಲ. ಸಿಲಿಂಡರ್ ಪೂರ್ತಿಯಾಗಿ ಒಂದು ಕೀಲಿನ ಮೇಲೆ ಹಿಂದೆ ಮುಂದೆ ವಾಲಾಡುತ್ತದೆ, ಹಾಗೆ ವಾಲಿದಾಗ ಅದರ ಮೈಯಲ್ಲಿರುವ ತೂತು ಎದುರಿನ ಹಬೆಯ ತೂತಿಗೆ ಒಮ್ಮೆ, ಹೊರಹೋಗುವ ತೂತಿಗೆ ಒಮ್ಮೆ ಸರಿಯಾಗಿ ಕೂರುತ್ತದೆ. ಸಿಲಿಂಡರನ್ನು ಎದುರಿನ ಮೈಗೆ ಒತ್ತಿ ಹಿಡಿದಿರೋದು ಒಂದು ಸ್ಪ್ರಿಂಗ್ ಮಾತ್ರ. ಎರಡೂ ಮೈಗಳು ಚಪ್ಪಟೆಯಾಗಿ ಇಲ್ಲದಿದ್ದರೆ ಹಬೆಯೆಲ್ಲ ಅಲ್ಲೇ ಸೋರಿಹೋಗುತ್ತದೆ. ದಪ್ಪ ಗಾಜಿನ ಮೇಲೆ 1200 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಹಾಕಿ, ಅದರ ಮೇಲೆ ಸಿಲಿಂಡರ್ ಮೈಯನ್ನು ಎಂಟರ ಆಕಾರದಲ್ಲಿ ನಿಧಾನವಾಗಿ ಉಜ್ಜಿದರೆ ಸರಿಯಾಗುತ್ತದೆ. ಇದಕ್ಕೆ ಬದಲಾಗಿ ಸ್ಪ್ರಿಂಗ್ ಬಿಗಿ ಮಾಡಿಯೂ ನೋಡಿದೆ. ಸೋರೋದು ಕಡಿಮೆ ಆಯಿತು, ಆದರೆ ಉಜ್ಜಾಟ ಜಾಸ್ತಿಯಾಗಿ ಎಂಜಿನ್ ನಿಧಾನಕ್ಕೆ ಓಡೋದನ್ನೇ ಬಿಟ್ಟಿತು. ಉಜ್ಜೋದೇ ಸರಿ.

ಹಬೆ ಸೋರದ ಹಾಗೆ ಹಾಕುವ ರಬ್ಬರ್ ರಿಂಗುಗಳಲ್ಲಿ ನೈಟ್ರೈಲ್ ಅಗ್ಗ, ವೈಟನ್ ಸ್ವಲ್ಪ ದುಬಾರಿ. ವೈಟನ್ ತಗೊಳ್ಳಿ, 200 ಡಿಗ್ರಿ ತನಕ ತಡೆಯುತ್ತದೆ. ನೈಟ್ರೈಲ್ ಹಬೆಯ ಬಿಸಿಗೆ ಬೇಗ ಗಟ್ಟಿಯಾಗುತ್ತದೆ. ಎಣ್ಣೆಯ ವಿಷಯದಲ್ಲೂ ಹೀಗೇ: ಹೊಲಿಗೆ ಮೆಷಿನ್ ಎಣ್ಣೆ ಚಕ್ರಗಳಿಗೆ ಸಾಕು, ಸಿಲಿಂಡರ್‌ಗೆ 460 ದರ್ಜೆಯ ಸ್ಟೀಮ್ ಆಯಿಲ್ಲೇ ಬೇಕು. ತೆಳು ಎಣ್ಣೆಯನ್ನು ಹಬೆ ಒಂದೇ ಸುತ್ತಿನಲ್ಲಿ ತೊಳೆದುಬಿಡುತ್ತದೆ.

ಬೆಂಕಿ ಹಚ್ಚುವ ಮುಂಚೆ ಇನ್ನೊಂದು ಮಾತು. ಬಾಯ್ಲರನ್ನು ಮೊದಲು ತಣ್ಣೀರಿನಲ್ಲಿ ಪರೀಕ್ಷೆ ಮಾಡಿಸಿ. ಗಾಳಿ ಒಂದಿಷ್ಟೂ ಉಳಿಯದ ಹಾಗೆ ನೀರು ತುಂಬಿ, ಕೈಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸುತ್ತಾರೆ, ಹೊಸ ಬಾಯ್ಲರ್ ಆದರೆ ಎರಡು ಪಟ್ಟು. ಇದನ್ನು ಗಾಳಿ ಪಂಪಿನಿಂದ ಯಾವತ್ತೂ ಮಾಡಬಾರದು. ನೀರು ಒತ್ತಿದರೆ ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿ ಬೆಸುಗೆ ಬಿಟ್ಟರೆ ನೀರು ಚಿಮ್ಮಿ ನಿಲ್ಲುತ್ತದೆ. ಅದುಮಿಟ್ಟ ಗಾಳಿ ಬಾಂಬಿನ ಥರ ಸಿಡಿಯಬಹುದು. ಇಲ್ಲಿನ ಮಾಡೆಲ್ ಎಂಜಿನಿಯರಿಂಗ್ ಕ್ಲಬ್ಬುಗಳಲ್ಲಿ ಇದನ್ನು ಮಾಡಿಕೊಡುವವರು ಇರುತ್ತಾರೆ, ತಾಳ್ಮೆಯಿಂದ ಹೇಳಿಯೂ ಕೊಡುತ್ತಾರೆ.

ಈಗ ಅಸಲು ವಿಷಯಕ್ಕೆ ಬರೋಣ.

ಮಾಮೋಡ್ ಹುಟ್ಟಿದ್ದೇ ಬಿಲ್ಲೆಗೆ. ಬಾಯ್ಲರ್ ಕೆಳಗೆ ಒಂದು ತಗಡಿನ ತಟ್ಟೆ, ಅದರಲ್ಲಿ ಘನ ಇಂಧನದ ಬಿಲ್ಲೆಗಳು. ಹಚ್ಚೋದು ಸುಲಭ, ಚೆಲ್ಲೋದಿಲ್ಲ, ಸೋರೋದಿಲ್ಲ, ಬಿಲ್ಲೆ ಮುಗಿದರೆ ಬೆಂಕಿಯೂ ಮುಗಿಯಿತು. ಮಕ್ಕಳು ಹತ್ತಿರ ನಿಂತಿರುವಾಗ ಇದು ದೊಡ್ಡ ನೆಮ್ಮದಿ. ತೊಂದರೆ ಏನೆಂದರೆ, ಉರಿ ಒಂದೇ ಸಮ ಇರುವುದಿಲ್ಲ. ಶುರುವಿನಲ್ಲಿ ಮಂದ, ನಡುವೆ ಜೋರು, ಕೊನೆಗೆ ಮತ್ತೆ ಮಂದ. ರೈಲೂ ಹಾಗೇ ಓಡುತ್ತದೆ: ಮೊದಲು ತಳ್ಳಬೇಕು, ನಡುವೆ ಹಿಡಿಯೋಕಾಗಲ್ಲ, ಕೊನೆಗೆ ಏರು ಬಂದ ಕಡೆ ನಿಂತುಬಿಡುತ್ತದೆ. ಹಳೆಯ ಬಿಲ್ಲೆಗಳು ಹೆಕ್ಸಮೈನ್ ಅನ್ನುವ ರಾಸಾಯನಿಕದವು, ಅದರ ಹೊಗೆ ಕಣ್ಣು ಉರಿಸುತ್ತದೆ, ಅದರಲ್ಲಿ ಫಾರ್ಮಾಲ್ಡಿಹೈಡ್ ಅನ್ನುವ ವಿಷಾನಿಲ ಇರುತ್ತದೆ, ಮನೆಯೊಳಗೆ ಉರಿಸಲೇಬಾರದು. ಅಡಿಯಲ್ಲಿ ಅಂಟು ಮಸಿ ಅಂದೆನಲ್ಲ, ಅದೂ ಇದರದ್ದೇ. ಬ್ರಿಟನ್‌ನಲ್ಲಿ 2023ರ ಅಕ್ಟೋಬರ್ 1ರಿಂದ ಹೆಕ್ಸಮೈನ್ ಸ್ಫೋಟಕ ತಯಾರಿಕೆಗೆ ಬಳಕೆಯಾಗುವ ವಸ್ತುಗಳ ಪಟ್ಟಿಗೆ ಸೇರಿದೆ, ಲೈಸೆನ್ಸ್ ಇಲ್ಲದೆ ಸಾಮಾನ್ಯ ಜನ ಕೊಳ್ಳುವ ಹಾಗಿಲ್ಲ. ನಾನು ಅದನ್ನು ಉರಿಸಿ ನೋಡಿದ್ದು ಅದಕ್ಕೂ ಮುಂಚೆ. ಹಳೆ ಎಂಜಿನ್ ಜೊತೆ ಹಳೆ ಬಿಲ್ಲೆ ಡಬ್ಬಿ ಬಂದರೆ ಸುಮ್ನೆ ಇಟ್ಟುಕೊಳ್ಳಬೇಡಿ, ಅದೂ ಅಪರಾಧ. ಹೆಕ್ಸಮೈನ್ ಇಲ್ಲದ ಹೊಸ ಬಿಲ್ಲೆಗಳು ಸಿಗುತ್ತವೆ, ನಾನು ಬಳಸಿದ್ದರಲ್ಲಿ ಉರಿ ಇನ್ನೂ ಸ್ವಲ್ಪ ಮೆತ್ತಗೆ ಅನ್ನಿಸಿತು.

ಆಮೇಲೆ ಸ್ಪಿರಿಟ್. ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ನೇರಳೆ ಬಣ್ಣ ಹಾಕಿ ಮಾರುವ ಮೆಥಿಲೇಟೆಡ್ ಸ್ಪಿರಿಟ್. ಬಾಯ್ಲರ್ ಕೆಳಗೆ ಸಣ್ಣ ಸಣ್ಣ ಕೊಳವೆ, ಅದರಲ್ಲಿ ಬತ್ತಿ, ಹಿಂದೆ ಒಂದು ಚಿಕ್ಕ ತೊಟ್ಟಿ. ತೊಟ್ಟಿ ಕೆಲಸ ಮಾಡೋದು ಕೋಳಿಗೆ ನೀರಿಡುವ ಬೋರಲು ಬಾಟಲಿಯ ಹಾಗೆ: ಬತ್ತಿಯ ಬಳಿ ಸ್ಪಿರಿಟ್ ಮಟ್ಟ ಇಳಿದಷ್ಟೂ ಮೇಲಿನಿಂದ ಅಷ್ಟೇ ಇಳಿದು ಬರುತ್ತದೆ. ಹಾಗಾಗಿ ಉರಿ ಮೊದಲಿಂದ ಕೊನೆತನಕ ಒಂದೇ ಸಮ. ಬತ್ತಿಯನ್ನು ಸ್ವಲ್ಪ ಸಡಿಲ ಮಾಡಿದರೆ ಉರಿ ಜಾಸ್ತಿ, ಬಿಗಿ ಮಾಡಿದರೆ ಕಡಿಮೆ. ಹತ್ತಿ ಬತ್ತಿ ಬೇಗ ಕರಿಯಾಗುತ್ತದೆ, ಸೆರಾಮಿಕ್ ನಾರಿನದ್ದು ಬಹಳ ದಿನ ಬರುತ್ತದೆ, ಆದರೆ ಅದನ್ನು ಕತ್ತರಿಸುವಾಗ ಮಾಸ್ಕ್ ಹಾಕಿಕೊಳ್ಳಿ. ಮಸಿ ಇಲ್ಲವೇ ಇಲ್ಲ ಅನ್ನಬಹುದು. ಸದ್ದೂ ಇಲ್ಲ. ಗ್ಯಾಸ್ ಬರ್ನರ್‌ನ ಸುಂಯ್ ಅನ್ನೋ ಸದ್ದು ಇಲ್ಲದ್ದರಿಂದ ಎಂಜಿನ್‌ನ ಚಫ್ ಚಫ್ ನಿಜವಾಗಿ ಕೇಳಿಸುತ್ತದೆ, ನನಗೆ ಇದರ ಮೇಲೆ ಪ್ರೀತಿ ಹುಟ್ಟಿದ್ದೇ ಅಲ್ಲಿ.

ಎರಡು ಅಪಾಯ ಮಾತ್ರ ನೆನಪಿರಲಿ. ಬಿಸಿಲಿನಲ್ಲಿ ಸ್ಪಿರಿಟ್ ಉರಿ ಕಣ್ಣಿಗೆ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಮತ್ತೆ ತುಂಬಲು ಹೋಗಬೇಡಿ, ಕೈಯನ್ನು ಮೇಲೆ ಸ್ವಲ್ಪ ದೂರ ಹಿಡಿದು ಕಾವು ನೋಡಿ, ಕಾದು, ಆಮೇಲೆ ತುಂಬಿ. ಇನ್ನೊಂದು, ಎಂಜಿನ್ ಹಳಿ ತಪ್ಪಿ ಪಕ್ಕಕ್ಕೆ ಬಿದ್ದರೆ ಸ್ಪಿರಿಟ್ ಚೆಲ್ಲಿ ಬೆಂಕಿ ಹರಿಯುತ್ತದೆ. ಒಣಹುಲ್ಲು ಇರುವ ಬೇಸಿಗೆಯಲ್ಲಿ ಪಕ್ಕದಲ್ಲೇ ಒಂದು ಬಕೆಟ್ ನೀರು ಇರಲಿ, ಸ್ಪಿರಿಟ್ ಬೆಂಕಿ ನೀರಿಗೆ ಆರುತ್ತದೆ. ಗಾಳಿಗೆ ಉರಿ ಪಕ್ಕಕ್ಕೆ ವಾಲುವುದೂ ನಿಜ. ಅದಕ್ಕೆ ಚಕ್ರಗಳ ಮೇಲುಗಡೆ ಎರಡೂ ಬದಿಗೆ ತೆಳು ತಗಡಿನ ಮರೆ ಕಟ್ಟಿದೆ, ಕೆಳಗಿನಿಂದ ಗಾಳಿ ಎಳೆದುಕೊಳ್ಳಲು ಜಾಗ ಬಿಟ್ಟು. ಇಷ್ಟು ಸಣ್ಣ ಕೆಲಸದಿಂದ ಆದ ಬದಲಾವಣೆ ದುಬಾರಿ ಬರ್ನರ್‌ನಿಂದಲೂ ಆಗಲಿಲ್ಲ.

ಕೊನೆಗೆ ಗ್ಯಾಸ್. ಎಲ್ಲರೂ ಇದನ್ನೇ ಹೇಳುತ್ತಾರೆ, ಮಾರುವವರೂ ಇದನ್ನೇ ತೋರಿಸುತ್ತಾರೆ. ಲೆಕ್ಕದಲ್ಲಿ ಇದೇ ಮುಂದು: ಒಂದು ಕಿಲೋ ಬ್ಯೂಟೇನ್ ಸುಮಾರು 45 ಮೆಗಾಜೂಲ್ ಶಾಖ ಕೊಡುತ್ತದೆ, ಸ್ಪಿರಿಟ್ 27ರ ಆಸುಪಾಸು, ಹೆಕ್ಸಮೈನ್ 30ರ ಹತ್ತಿರ. ಹಚ್ಚಿದ ಸ್ವಲ್ಪ ಹೊತ್ತಿಗೇ ಹಬೆ ಸಿದ್ಧ, ನಾಬ್ ತಿರುಗಿಸಿದರೆ ಉರಿ ಹೆಚ್ಚು ಕಡಿಮೆ. ಆದರೆ ಈ ಎಂಜಿನ್‌ಗೆ ಅಷ್ಟು ಶಾಖ ಯಾಕೆ ಬೇಕು? ಹಬೆ ಜೋರಾದರೆ ವಾಲಾಡುವ ಸಿಲಿಂಡರ್ ಸ್ಪ್ರಿಂಗನ್ನು ತಳ್ಳಿ ಎದ್ದು, ಹೆಚ್ಚಾದ ಹಬೆಯನ್ನೆಲ್ಲ ಪಕ್ಕದಿಂದ ಬಿಟ್ಟುಬಿಡುತ್ತದೆ. ಉಳಿದದ್ದು ಸೇಫ್ಟಿ ವಾಲ್ವ್‌ನಿಂದ ಹೋಗುತ್ತದೆ. ಎಳೆಯುವ ಶಕ್ತಿ ಹೆಚ್ಚಲಿಲ್ಲ, ನೀರು ಮಾತ್ರ ಬೇಗ ಖಾಲಿಯಾಯಿತು.

ನೀರು ಖಾಲಿಯಾಗೋದೇ ಇಲ್ಲಿ ಭಯ. ಕುಕ್ಕರ್ ವಿಸಲ್ ಹೊಡೆಯುವ 15 ಪಿಎಸ್‌ಐ ಒತ್ತಡದಲ್ಲಿ ನೀರಿನ ಬಿಸಿ 121 ಡಿಗ್ರಿ. ತವರ-ಸೀಸದ ಬೆಸುಗೆ 183 ಡಿಗ್ರಿಗೆ ಕರಗಲು ಶುರು. ಬಾಯ್ಲರ್‌ನಲ್ಲಿ ನೀರು ಇರುವ ತನಕ ಲೋಹ ಆ ಬಿಸಿ ಮುಟ್ಟುವುದಿಲ್ಲ, ನೀರು ಆರಿದ ಮೇಲೆ ಗ್ಯಾಸ್ ಉರಿಗೆ ಅದು ಕ್ಷಣದ ಮಾತು. ಬೆಳ್ಳಿ ಬೆಸುಗೆ 600 ಡಿಗ್ರಿಗೂ ಮೇಲೆ ಕರಗುತ್ತದೆ, ಆದರೆ ಸೆಕೆಂಡ್‌ಹ್ಯಾಂಡ್ ಬಾಯ್ಲರ್‌ಗೆ ಹಿಂದಿನವರು ಎಲ್ಲಿ, ಯಾವುದರಿಂದ ತೇಪೆ ಹಾಕಿದ್ದಾರೋ ಹೊರಗಿಂದ ಹೇಗೆ ಗೊತ್ತಾಗಬೇಕು? ಸ್ಪಿರಿಟ್‌ನಲ್ಲಿ ತೊಟ್ಟಿಯ ಅಳತೆಯನ್ನೇ ಕಡಿಮೆ ಇಟ್ಟರೆ ನೀರಿಗಿಂತ ಮುಂಚೆ ಬೆಂಕಿ ಆರುತ್ತದೆ. ಗ್ಯಾಸಿನಲ್ಲೂ ಹಾಗೆ ಮಾಡಬಹುದು, ಆದರೆ ಟ್ಯಾಂಕಿಗೆ ಎಷ್ಟು ತುಂಬಿತು ಅನ್ನೋದು ಆ ದಿನದ ಬಿಸಿ ಚಳಿಯ ಮೇಲೆ ಹೋಗುತ್ತದೆ.

ಚಳಿಯದ್ದು ಬೇರೆಯೇ ಕಥೆ. ಬ್ಯೂಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ಯಾರ್ಕ್‌ಶೈರ್ ಚಳಿಗಾಲದ ಬೆಳಿಗ್ಗೆ ಟ್ಯಾಂಕಿನಿಂದ ಅದು ಏಳಲು ಒಪ್ಪುವುದಿಲ್ಲ. ಆವಿಯಾಗುತ್ತಾ ಟ್ಯಾಂಕೇ ಇನ್ನೂ ತಣ್ಣಗಾಗುತ್ತದೆ. ಪ್ರೊಪೇನ್ ಬೆರೆಸಿದ ಡಬ್ಬಿ ಸಿಗುತ್ತದೆ, ಆದರೆ ಅದರ ಒತ್ತಡ ಜಾಸ್ತಿ, ನಿಮ್ಮ ಟ್ಯಾಂಕ್ ಅದಕ್ಕೆ ಮಾಡಿದ್ದು ಅಂತ ಖಾತ್ರಿ ಇಲ್ಲದಿದ್ದರೆ ಮುಟ್ಟಬೇಡಿ.

ಹಾಗಾಗಿ ನನ್ನ ಮಾಮೋಡ್‌ನಲ್ಲಿ ಈಗ ಇರೋದು ಸ್ಪಿರಿಟ್. ಗ್ಯಾಸ್ ಬರ್ನರನ್ನು ಬಿಚ್ಚಿ ಮಾರಿದೆ. ಪಕ್ಕದ ಮನೆ ಮಕ್ಕಳು ಬಂದ ದಿನ ಮಾತ್ರ ಹೊಸ ಬಿಲ್ಲೆ, ಹಚ್ಚೋದನ್ನು ನಾನೇ ಮಾಡುತ್ತೇನೆ. ನೀರು ಹಿತ್ತಲಿನ ಡ್ರಮ್ಮಿನಲ್ಲಿ ನಿಂತ ಮಳೆನೀರು, ಬಟ್ಟೆಯಲ್ಲಿ ಸೋಸಿದ್ದು. ನಲ್ಲಿ ನೀರು ಹಾಕಿದರೆ ನಿಂಬೆ ಉಪ್ಪಿನ ಕೆಲಸ ಮತ್ತೆ ಶುರು.

ನಿಮ್ಮದು ಬೇರೆ ಥರದ ಎಂಜಿನ್ ಆದರೆ ಈ ತೀರ್ಪು ತಿರುಗಿಬಿಡುತ್ತದೆ. ಡಾನ್‌ಕಾಸ್ಟರ್‌ನ ರೌಂಡ್‌ಹೌಸ್ ಎಂಜಿನ್‌ಗಳಂಥವು ಗ್ಯಾಸಿಗೇ ಕಟ್ಟಿದವು. ಉರಿ ಬಾಯ್ಲರ್ ಒಳಗಿನ ಕೊಳವೆಯಲ್ಲಿ, ಗಾಳಿಗೆ ಸಿಗುವುದಿಲ್ಲ, ಸಿಲಿಂಡರ್‌ಗೆ ಹಬೆ ಬಿಡಲು ಪ್ರತ್ಯೇಕ ಸ್ಲೈಡ್ ವಾಲ್ವ್ ಇದೆ, 40 ಪಿಎಸ್‌ಐ ಒತ್ತಡವನ್ನು ಪೂರ್ತಿ ಕೆಲಸಕ್ಕೆ ಹಾಕುತ್ತದೆ. ಅಂಥದ್ದು ಸೆಕೆಂಡ್‌ಹ್ಯಾಂಡ್ ಸಿಕ್ಕರೂ ಬೆಲೆ ಮಾಮೋಡ್‌ನ ಹಲವು ಪಟ್ಟು. ಮಾಮೋಡ್ ಕೊಳ್ಳುವವರು ನೋಡಬೇಕಾದ್ದು ಬಾಯ್ಲರ್‌ನ ಎರಡು ತುದಿಯ ಬೆಸುಗೆ ಮತ್ತು ಅಡಿಭಾಗ. ಅಲ್ಲಿ ಹಿತ್ತಾಳೆ ನೀಲಿಗಟ್ಟಿದ್ದರೆ ಅಥವಾ ತುದಿಯ ಮುಚ್ಚಳ ಹೊರಗೆ ಉಬ್ಬಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬಣ್ಣ ಕಿತ್ತಿದ್ದರೆ, ಚಿಮಣಿ ಸೊಟ್ಟಗಿದ್ದರೆ, ತಟ್ಟೆ ಕಳೆದುಹೋಗಿದ್ದರೆ ಚಿಂತೆ ಇಲ್ಲ, ಆ ಭಾಗಗಳೆಲ್ಲ ಇವತ್ತಿಗೂ ಹೊಸದಾಗಿ ಸಿಗುತ್ತವೆ.